ದಿಗಂತ ಕಾಣದ ರಾತ್ರಿಯಲ್ಲಿ ಯುದ್ಧವಿಮಾನ ಏಕೆ ಬೀಳುತ್ತದೆ?

2025ರ ಏಪ್ರಿಲ್ 2ರ ರಾತ್ರಿ ಗುಜರಾತಿನ ಜಾಮ್‌ನಗರ ವಾಯುನೆಲೆಯಿಂದ ಮೇಲೇರಿದ್ದ ವಾಯುಪಡೆಯ ಎರಡು ಆಸನಗಳ ಜಾಗ್ವಾರ್ ಯುದ್ಧವಿಮಾನವೊಂದು ನೆಲಕ್ಕಪ್ಪಳಿಸಿತು. ತಾಂತ್ರಿಕ ದೋಷ ಕಾಣಿಸಿಕೊಂಡಿತೆಂದೂ, ವಾಯುನೆಲೆಗಾಗಲಿ ಸುತ್ತಲಿನ ಜನರಿಗಾಗಲಿ ಅಪಾಯವಾಗದಂತೆ ನೋಡಿಕೊಂಡು ಪೈಲಟ್‌ಗಳು ಆಸನಸಮೇತ ಹೊರಚಿಮ್ಮಲು ಮುಂದಾದರೆಂದೂ ವಾಯುಪಡೆ ತಿಳಿಸಿತು. ಒಬ್ಬರು ಗಾಯಗೊಂಡು ಬದುಕಿದರು. ಫ್ಲೈಟ್ ಲೆಫ್ಟಿನೆಂಟ್ ಸಿದ್ಧಾರ್ಥ ಯಾದವ್ ಉಳಿಯಲಿಲ್ಲ. ಇದಕ್ಕೆ ಸುಮಾರು ಮೂರು ವರ್ಷ ಮೊದಲು, 2022ರ ಜುಲೈ 28ರಂದು, ರಾಜಸ್ಥಾನದ ಉತ್ತರಲಾಯಿಯಿಂದ ತರಬೇತಿಗೆಂದು ಹಾರಿದ್ದ ಮಿಗ್-21 ರಾತ್ರಿ 9 ಗಂಟೆ 10 ನಿಮಿಷದ ಸುಮಾರಿಗೆ ಬಾರ್ಮೇರ್ ಬಳಿ ಬಿದ್ದಾಗ ಅದರಲ್ಲಿದ್ದ ಇಬ್ಬರೂ ಅಧಿಕಾರಿಗಳು ತೀರಿಕೊಂಡಿದ್ದರು.

ಜಾಮ್‌ನಗರದ ಸುದ್ದಿ ಬಂದ ಮರುದಿನ, ಗೋವಾದ ವಾಸ್ಕೋದಲ್ಲಿರುವ ನಮ್ಮ ಓಣಿಯಲ್ಲಿ, ವಿಜಯಪುರದ ಕಡೆಯಿಂದ ಬಂದು ದಶಕಗಳಿಂದ ಇಲ್ಲಿಯೇ ನೆಲೆನಿಂತಿರುವ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: "ಅಲ್ರೀ ಮಾಸ್ತರ, ಇವನ್ನ ಹಗಲೊತ್ತಿನ್ಯಾಗ ಹಾರಿಸಿದ್ರ ಆಗೂದಿಲ್ಲೇನು? ಹೋಗಲಿ, ಆ ಹುಡುಗರಿಗೆ ಜಿಗಿಯಾಕರ ಯಾಕ ಆಗಲಿಲ್ಲ?" ದಾಬೋಳಿಯ ನೌಕಾ ವಾಯುನೆಲೆ ಐಎನ್‌ಎಸ್ ಹಂಸದ ಮಗ್ಗುಲಲ್ಲಿ ಬದುಕುವ ನಮಗೆ ಯುದ್ಧವಿಮಾನದ ಸದ್ದು ಹೊಸದಲ್ಲ. ಮಿಗ್-29ಕೆ ಮೇಲೇರುವಾಗ ಕಿಟಕಿಯ ಗಾಜು ನಡುಗುತ್ತದೆ, ಮಾತು ಅರ್ಧಕ್ಕೆ ನಿಲ್ಲುತ್ತದೆ. ಆದರೂ ಅವರ ಎರಡು ಪ್ರಶ್ನೆಗಳಿಗೆ ಅಂದು ನಿಂತ ನಿಲುವಿನಲ್ಲಿ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಆ ಉತ್ತರವನ್ನು ಇಲ್ಲಿ ಸರಿಯಾಗಿ ಬರೆಯಲು ಪ್ರಯತ್ನಿಸಿದ್ದೇನೆ.

ಮೊದಲನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಯುದ್ಧ ನಡೆಯುವುದು ರಾತ್ರಿಯಲ್ಲಿ. 2019ರ ಫೆಬ್ರವರಿ 26ರಂದು ಬಾಲಾಕೋಟ್ ಮೇಲಿನ ದಾಳಿ ನಡೆದದ್ದು ಬೆಳಗಿನ ಜಾವದ ಕತ್ತಲಲ್ಲಿ. ಜಾಮ್‌ನಗರದ ಅವಘಡ ನಡೆದು 35 ದಿನಗಳಾಗುವಷ್ಟರಲ್ಲಿ, ಮೇ 7ರಂದು, ಆಪರೇಷನ್ ಸಿಂದೂರ ಆರಂಭವಾದದ್ದೂ ನಡುರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ. ಕತ್ತಲಲ್ಲಿ ಹಾರಿ ಅಭ್ಯಾಸವಿಲ್ಲದವರನ್ನು ಅಂಥ ರಾತ್ರಿ ಕಳುಹಿಸುವಂತಿಲ್ಲ. ನೆಲದ ಮೇಲಿನ ಸಿಮ್ಯುಲೇಟರ್‌ನಲ್ಲಿ ಬಹಳಷ್ಟನ್ನು ಕಲಿಸಬಹುದಾದರೂ, ವೇಗದ ತಿರುವಿನಲ್ಲಿ ಮೈಯನ್ನು ಆಸನಕ್ಕೆ ಒತ್ತಿಹಿಡಿಯುವ ಭಾರವನ್ನು ಅದು ಪೂರ್ತಿಯಾಗಿ ಕೊಡಲಾರದು, ತಪ್ಪಿದರೆ ಪ್ರಾಣ ಹೋಗುತ್ತದೆಂಬ ಅರಿವನ್ನಂತೂ ಕೊಡಲಾರದು. ನೌಕಾಪಡೆಯ ಪೈಲಟ್‌ಗಳಿಗೆ ಇದು ಇನ್ನೂ ಕಠಿಣ. ಹಗುರ ಯುದ್ಧವಿಮಾನ ತೇಜಸ್‌ನ ನೌಕಾ ಮಾದರಿ, ಬಾಲದ ಕೊಕ್ಕೆಯಿಂದ ತಂತಿಯನ್ನು ಹಿಡಿದು ನಿಲ್ಲುವ ಇಳಿತವನ್ನು ಮೊದಲ ಬಾರಿ ರಾತ್ರಿಯ ಹೊತ್ತು ಮಾಡಿದ್ದು ಇದೇ ದಾಬೋಳಿಯ ಪರೀಕ್ಷಾ ಪಥದ ಮೇಲೆ, 2019ರ ನವೆಂಬರ್ 12ರಂದು. ಸಮುದ್ರದಲ್ಲಿ ತೇಲುವ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಾಂತ್ ಮೇಲೆ ಮಿಗ್-29ಕೆ ಮೊದಲ ಸಲ ರಾತ್ರಿ ಇಳಿದದ್ದು 2023ರ ಮೇ ತಿಂಗಳಲ್ಲಿ. ಆ ಹಡಗಿನ ಒಟ್ಟು ಉದ್ದ 262 ಮೀಟರ್. ಇಳಿಯಲು ಸಿಗುವ ಜಾಗ ಅದಕ್ಕಿಂತಲೂ ಕಡಿಮೆ, ಮತ್ತು ಅದು ಅಲೆಯೊಂದಿಗೆ ಏಳುತ್ತ ಬೀಳುತ್ತ ಇರುತ್ತದೆ.

ಹಾಗಾದರೆ ಕತ್ತಲು ಪೈಲಟ್‌ನಿಂದ ಕಸಿದುಕೊಳ್ಳುವುದು ಏನನ್ನು? ಬೆಳಕನ್ನು ಎಂದು ಹೇಳಿಬಿಡುವುದು ಸುಲಭ. ನಿಜವಾಗಿ ಕಸಿದುಕೊಳ್ಳುವುದು ದಿಗಂತವನ್ನು. ನಾವು ನೆಟ್ಟಗೆ ನಿಂತಿದ್ದೇವೆಯೋ ವಾಲಿದ್ದೇವೆಯೋ ಎಂಬುದನ್ನು ಮೆದುಳು ಮೂರು ಕಡೆಯಿಂದ ತಿಳಿದುಕೊಳ್ಳುತ್ತದೆ: ಕಣ್ಣು, ಒಳಕಿವಿ, ಮತ್ತು ಮೈಯ ಸ್ನಾಯು ಚರ್ಮಗಳಿಗೆ ತಾಗುವ ಒತ್ತಡ. ಈ ಮೂರರಲ್ಲಿ ಕಣ್ಣಿನದೇ ಮೇಲುಗೈ. ಆಕಾಶ ಮತ್ತು ಭೂಮಿ ಕೂಡುವ ಗೆರೆಯೊಂದು ಕಾಣುತ್ತಿರುವವರೆಗೆ ಉಳಿದೆರಡು ಏನು ತಪ್ಪು ಹೇಳಿದರೂ ಕಣ್ಣು ಅದನ್ನು ತಿದ್ದುತ್ತದೆ. ಆ ಗೆರೆ ಅಳಿಸಿಹೋದ ಕ್ಷಣದಿಂದ ಮೆದುಳು ಒಳಕಿವಿಯ ಮಾತನ್ನು ನಂಬಲು ತೊಡಗುತ್ತದೆ. ಒಳಕಿವಿಯೋ, ನೆಲದ ಮೇಲೆ ನಡೆದಾಡುವ ಪ್ರಾಣಿಗೆಂದು ರೂಪುಗೊಂಡದ್ದು.

ಅದು ಹೇಗೆ ತಪ್ಪು ಹೇಳುತ್ತದೆಂಬುದನ್ನು ಅಡುಗೆಮನೆಯ ತಂಬಿಗೆಯಲ್ಲಿಯೇ ನೋಡಬಹುದು. ನೀರು ತುಂಬಿದ ತಂಬಿಗೆಯನ್ನು ಗರಕ್ಕನೆ ತಿರುಗಿಸಿದರೆ ಮೊದಲಿಗೆ ತಂಬಿಗೆ ಮಾತ್ರ ತಿರುಗುತ್ತದೆ, ನೀರು ಇದ್ದಲ್ಲೇ ಇರುತ್ತದೆ. ತಿರುಗಿಸುತ್ತಲೇ ಇದ್ದರೆ ನೀರೂ ತಂಬಿಗೆಯ ವೇಗವನ್ನೇ ಪಡೆಯುತ್ತದೆ. ಆಮೇಲೆ ತಂಬಿಗೆಯನ್ನು ತಟ್ಟನೆ ನಿಲ್ಲಿಸಿದರೂ ನೀರು ಸುತ್ತುತ್ತಲೇ ಇರುತ್ತದೆ. ಒಳಕಿವಿಯ ಮೂರು ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವವೂ ಹೀಗೆಯೇ. ನಾಳಕ್ಕೂ ದ್ರವಕ್ಕೂ ವೇಗದಲ್ಲಿ ವ್ಯತ್ಯಾಸವಿದ್ದಾಗ ಮಾತ್ರ ಅಲ್ಲಿನ ಸೂಕ್ಷ್ಮ ರೋಮಗಳು ಬಾಗಿ 'ತಿರುಗುತ್ತಿದ್ದೇವೆ' ಎಂಬ ಸಂದೇಶ ಹೋಗುತ್ತದೆ. ವಿಮಾನ ಒಂದೇ ವೇಗದಲ್ಲಿ 15-20 ಸೆಕೆಂಡು ತಿರುಗುತ್ತಲೇ ಇದ್ದರೆ ದ್ರವ ನಾಳದೊಂದಿಗೆ ಸಮವಾಗಿ, ಸಂದೇಶ ನಿಂತುಹೋಗುತ್ತದೆ. ವಿಮಾನ ಇನ್ನೂ ವಾಲಿಕೊಂಡೇ ಇದೆ, ಆದರೆ ಒಳಗೆ ಕುಳಿತವರಿಗೆ ನೇರವಾಗಿ ಹೋಗುತ್ತಿರುವಂತೆ ಅನಿಸುತ್ತದೆ. ಈಗ ಅವರು ವಿಮಾನವನ್ನು ನಿಜಕ್ಕೂ ನೇರ ಮಾಡಿದರೆ, ಫುಗಡಿ ಆಡಿ ನಿಂತ ಹುಡುಗಿಗೆ ಅಂಗಳವೆಲ್ಲ ಎದುರು ದಿಕ್ಕಿಗೆ ತಿರುಗಿದಂತೆ ಆಗುವ ಹಾಗೆ, ವಿಮಾನ ಮತ್ತೊಂದು ಬದಿಗೆ ವಾಲುತ್ತಿದೆ ಎಂದೇ ಅನಿಸುತ್ತದೆ. ಅದನ್ನು 'ಸರಿಪಡಿಸಲು' ಹೋಗಿ ಅವರು ಮತ್ತೆ ಮೊದಲಿನ ತಿರುವಿಗೇ ಮರಳುತ್ತಾರೆ. ವಾಲಿದ ವಿಮಾನ ಎತ್ತರ ಕಳೆದುಕೊಳ್ಳುತ್ತದೆ. ಎತ್ತರ ಇಳಿಯುತ್ತಿರುವುದನ್ನು ಕಂಡು ವಿಮಾನ ನಡೆಸುವ ಕಡ್ಡಿಯನ್ನು ಹಿಂದಕ್ಕೆಳೆದರೆ ಮೂತಿ ಮೇಲೇಳುವ ಬದಲು ಸುತ್ತು ಇನ್ನಷ್ಟು ಬಿಗಿಯಾಗುತ್ತದೆ. ಇನ್ನು ತಿರುವು ಸೆಕೆಂಡಿಗೆ ಸುಮಾರು 2 ಡಿಗ್ರಿಗಿಂತ ನಿಧಾನವಾಗಿದ್ದರೆ ಒಳಕಿವಿಗೆ ಅದು ಶುರುವಾದದ್ದೇ ಗೊತ್ತಾಗುವುದಿಲ್ಲ.

ಎರಡನೆಯ ಮೋಸ ವೇಗದ್ದು. ಒಳಕಿವಿಯಲ್ಲಿ ಪುಟ್ಟ ಹರಳುಗಳನ್ನು ಹೊತ್ತ ಇನ್ನೊಂದು ಅಂಗವಿದೆ. ತಲೆ ಹಿಂದಕ್ಕೆ ಬಾಗಿದಾಗಲೂ, ತಲೆ ನೆಟ್ಟಗಿದ್ದು ದೇಹ ರಭಸದಿಂದ ಮುಂದಕ್ಕೆ ನುಗ್ಗಿದಾಗಲೂ ಆ ಹರಳುಗಳು ಹಿಂದಕ್ಕೇ ಸರಿಯುತ್ತವೆ, ಎರಡರ ನಡುವಿನ ವ್ಯತ್ಯಾಸ ಅದಕ್ಕೆ ತಿಳಿಯದು. ಗುರುತ್ವದಷ್ಟೇ ಬಲದಿಂದ ವಿಮಾನ ಮುಂದಕ್ಕೆ ನುಗ್ಗಿದರೆ ಮೂತಿ 45 ಡಿಗ್ರಿ ಮೇಲೆದ್ದಿದೆ ಎಂಬ ಭಾವನೆ ಬರುತ್ತದೆ. ಹಗಲಿನಲ್ಲಾದರೆ ಎದುರಿನ ಗುಡ್ಡವೋ ಕಡಲಿನ ಅಂಚೋ ಅದನ್ನು ಸುಳ್ಳೆಂದು ತೋರಿಸಿಕೊಡುತ್ತದೆ. ಅಮಾವಾಸ್ಯೆಯ ರಾತ್ರಿ ಕಡಲಿನತ್ತ ಮೇಲೇರುವಾಗ ಹಾಗೆ ಹೇಳಲು ಏನೂ ಇರುವುದಿಲ್ಲ. ಮೂತಿ ಅತಿಯಾಗಿ ಎದ್ದಿದೆಯೆಂದು ನಂಬಿ ಕಡ್ಡಿಯನ್ನು ಮುಂದಕ್ಕೆ ಒತ್ತಿದವರ ಎದುರಿಗೆ ಇರುವುದು ನೀರು.

ಕಣ್ಣೂ ಕತ್ತಲಲ್ಲಿ ಹಗಲಿನ ಕಣ್ಣಾಗಿ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಊರಿನ ಮಾಳಿಗೆಯ ಮೇಲೆ ಮಲಗಿ ಆಕಾಶ ನೋಡಿದವರಿಗೆ ಇದರ ಅನುಭವವಿರುತ್ತದೆ: ಮಸುಕಾದ ನಕ್ಷತ್ರವನ್ನು ನೇರವಾಗಿ ದಿಟ್ಟಿಸಿದರೆ ಮಾಯವಾಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಮತ್ತೆ ಕಾಣುತ್ತದೆ. ಮಂದ ಬೆಳಕನ್ನು ಗ್ರಹಿಸುವ ದಂಡಕೋಶಗಳು ದೃಷ್ಟಿಯ ನಟ್ಟನಡುವೆ ಇಲ್ಲದಿರುವುದೇ ಇದಕ್ಕೆ ಕಾರಣ. ಆ ಕೋಶಗಳು ಪೂರ್ತಿ ಎಚ್ಚರಗೊಳ್ಳಲು ಅರ್ಧ ಗಂಟೆಯಷ್ಟು ಬೇಕು, ಕೆಡಲು ಒಂದು ಪ್ರಖರ ದೀಪ ಸಾಕು. ಇದಕ್ಕೆಂದೇ ಶಿರಸ್ತ್ರಾಣಕ್ಕೆ ರಾತ್ರಿ ಕನ್ನಡಕವನ್ನು, ಅಂದರೆ ನೈಟ್ ವಿಷನ್ ಗಾಗಲ್ಸ್‌ ಅನ್ನು ಸಿಕ್ಕಿಸಿಕೊಳ್ಳುತ್ತಾರೆ. ಇರುವ ಅಷ್ಟಿಷ್ಟು ಬೆಳಕನ್ನು ಅದು ಹಲವು ಸಾವಿರ ಪಟ್ಟು ಹೆಚ್ಚಿಸುತ್ತದೆ ನಿಜ. ಆದರೆ ಅದರೊಳಗಿಂದ ಕಾಣುವುದು ಸುಮಾರು 40 ಡಿಗ್ರಿಯ ಒಂದು ಕಿಂಡಿ ಮಾತ್ರ, ಬರಿಗಣ್ಣಿಗೆ ಸುಮಾರು 200 ಡಿಗ್ರಿ ಕಾಣುತ್ತಿದ್ದಲ್ಲಿ. ದೂರ ಹತ್ತಿರಗಳ ಅಂದಾಜೂ ಅದರಲ್ಲಿ ಕುಗ್ಗುತ್ತದೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಬೋಗ್ಮಾಳೋ ದಂಡೆಯಲ್ಲಿ ರಾತ್ರಿ ನಿಂತು ನೋಡಿದರೆ, ಟ್ರಾಲರ್‌ಗಳ ದೀಪಗಳು ದೂರದಲ್ಲಿ ಚೆಲ್ಲಿರುತ್ತವೆ. ಚಂದ್ರನಿಲ್ಲದ ರಾತ್ರಿ, ತೆಳುವಾದ ಮಂಜಿದ್ದರಂತೂ, ಆ ದೀಪಗಳೆಲ್ಲಿ ಮುಗಿದವು, ನಕ್ಷತ್ರಗಳೆಲ್ಲಿ ಶುರುವಾದವು ಎಂಬುದು ನೆಲದ ಮೇಲೆ ನಿಂತವರಿಗೇ ಸ್ಪಷ್ಟವಾಗುವುದಿಲ್ಲ. ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ವಾಲಿ ತಿರುಗುತ್ತಿರುವವರಿಗೆ ದೋಣಿಯ ದೀಪ ನಕ್ಷತ್ರವಾಗಿ ಕಂಡರೆ ಸಮುದ್ರವೇ ಆಕಾಶವಾಗುತ್ತದೆ. ದಂಡೆಯ ಓರೆಯಾದ ದೀಪದ ಸಾಲೂ ಸುಳ್ಳು ದಿಗಂತವಾಗಬಲ್ಲದು.

ಈ ಸ್ಥಿತಿಗೆ ವೈಮಾನಿಕ ವೈದ್ಯಶಾಸ್ತ್ರದಲ್ಲಿ ಸ್ಪೇಷಿಯಲ್ ಡಿಸ್‌ಓರಿಯೆಂಟೇಷನ್ ಎಂದು ಹೆಸರು; ಕನ್ನಡದಲ್ಲಿ ದಿಗ್ಭ್ರಮೆ ಎನ್ನಬಹುದು, ಆ ಪದದ ಮೂಲ ಅರ್ಥದಲ್ಲಿಯೇ. ಇದು ಅನನುಭವಿಗಳ ಕಾಯಿಲೆಯಲ್ಲ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಉಪಕರಣ ನೋಡಿ ಹಾರಿಸುವ ಅಭ್ಯಾಸವಿಲ್ಲದ 20 ಮಂದಿಯನ್ನು ಹೊರಗೇನೂ ಕಾಣದ ಸ್ಥಿತಿಯಲ್ಲಿ ಹಾರಿಸಿ ನೋಡಿದಾಗ, ಅವರು ಹತೋಟಿ ಕಳೆದುಕೊಳ್ಳಲು ತೆಗೆದುಕೊಂಡದ್ದು ಸರಾಸರಿ 178 ಸೆಕೆಂಡು. ಅಭ್ಯಾಸವಿದ್ದವರು ಇದನ್ನು ಗೆಲ್ಲುತ್ತಾರೆ, ಆದರೆ ಪ್ರತಿಸಲವೂ ಅಲ್ಲ. 2019ರ ಏಪ್ರಿಲ್ 9ರ ರಾತ್ರಿ ಜಪಾನಿನ ಮಿಸಾವಾ ನೆಲೆಯಿಂದ ನಾಲ್ಕು ಎಫ್-35ಎ ವಿಮಾನಗಳು ತರಬೇತಿಗೆ ಹೊರಟಿದ್ದವು. ಅವುಗಳಲ್ಲಿ ಒಂದರ ಪೈಲಟ್‌ಗೆ 3,200 ಗಂಟೆಗಳಷ್ಟು ಹಾರಾಟದ ಅನುಭವವಿತ್ತು, ಆ ಮಾದರಿಯ ವಿಮಾನದಲ್ಲಿ ಮಾತ್ರ ಸುಮಾರು 60 ಗಂಟೆ. 9,000 ಮೀಟರಿಗೂ ಹೆಚ್ಚು ಎತ್ತರದಲ್ಲಿದ್ದ ಆ ವಿಮಾನ ಒಂದು ನಿಮಿಷದೊಳಗೆ, ಗಂಟೆಗೆ 1,100 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ, ಪೆಸಿಫಿಕ್ ಸಾಗರಕ್ಕೆ ನುಗ್ಗಿತು. ಅಭ್ಯಾಸ ನಿಲ್ಲಿಸುತ್ತಿರುವುದಾಗಿ ಆತ ರೇಡಿಯೋದಲ್ಲಿ ಹೇಳಿದ ಕೊನೆಯ ಮಾತು ಶಾಂತವಾಗಿತ್ತು. ಹೊರಚಿಮ್ಮಲು ಯತ್ನಿಸಿದ ಕುರುಹೂ ಇರಲಿಲ್ಲ. ದಿಗ್ಭ್ರಮೆಯೇ ಕಾರಣವಾಗಿರಬೇಕೆಂದು ಜಪಾನಿನ ವಾಯುಪಡೆ ತೀರ್ಮಾನಿಸಿತು. ಈ ಪ್ರಕರಣವನ್ನು ಓದಿದಾಗಲೆಲ್ಲ ನನ್ನನ್ನು ಕಾಡುವುದು ಆ ಶಾಂತ ಧ್ವನಿ. ತಾನು ಬೀಳುತ್ತಿದ್ದೇನೆಂಬುದು ಆತನಿಗೆ ಗೊತ್ತೇ ಇರಲಿಲ್ಲ ಎಂಬುದನ್ನು ಬಿಟ್ಟು ಅದಕ್ಕೆ ಬೇರೆ ಅರ್ಥ ಹೊಳೆಯುವುದಿಲ್ಲ.

ಹಾಗಾದರೆ ಮೈಯ ಮಾತು ಬಿಟ್ಟು ಉಪಕರಣವನ್ನು ನಂಬಬೇಕು. ಪೈಲಟ್‌ಗಳಿಗೆ ಮೊದಲ ದಿನದಿಂದ ಕಲಿಸುವುದೂ ಅದನ್ನೇ. ಆದರೆ ಉಪಕರಣವೇ ಕೆಟ್ಟರೆ? ಮುಂಬೈನ ಹಳೆಯ ಕನ್ನಡಿಗರಿಗೆ 1978ರ ಹೊಸವರ್ಷದ ರಾತ್ರಿ ನೆನಪಿರಬಹುದು. ಜನವರಿ 1ರಂದು ಸಾಂತಾಕ್ರೂಜ್‌ನಿಂದ ದುಬೈಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 747 'ಎಂಪರರ್ ಅಶೋಕ' ಎರಡು ನಿಮಿಷದೊಳಗೆ ಬಾಂದ್ರಾ ಎದುರಿನ ಕಡಲಿಗೆ ಬಿದ್ದು 213 ಮಂದಿ ತೀರಿಕೊಂಡರು. ಅದು ಪ್ರಯಾಣಿಕರ ವಿಮಾನ, ಆದರೆ ಕಾರಣದ ಸರಪಳಿ ಇಲ್ಲಿ ಹೇಳುತ್ತಿರುವುದೇ. ವಿಮಾನದ ವಾಲುವಿಕೆಯನ್ನು ತೋರುವ ಕ್ಯಾಪ್ಟನ್ ಎದುರಿನ ಉಪಕರಣ ಬಲಕ್ಕೆ ವಾಲಿದಂತೆ ತೋರಿಸುತ್ತ ಸಿಕ್ಕಿಕೊಂಡಿತು; ಅವರು ಸರಿಪಡಿಸಲೆಂದು ಎಡಕ್ಕೆ ತಿರುಗಿಸುತ್ತ ಹೋದರು; ನಗರದ ದೀಪಗಳು ಹಿಂದುಳಿದು ಎದುರಿಗೆ ಕಪ್ಪು ಕಡಲು ಮಾತ್ರ ಇದ್ದುದರಿಂದ ತಪ್ಪನ್ನು ತೋರಿಸಿಕೊಡುವ ಗೆರೆ ಹೊರಗೆ ಇರಲಿಲ್ಲ. ಇದೇ ಕಾರಣಕ್ಕೆ ಒಂದು ಉಪಕರಣವನ್ನು ಇನ್ನೆರಡರ ಜತೆ ತಾಳೆ ನೋಡುತ್ತಲೇ ಇರಬೇಕೆಂಬ ಶಿಸ್ತು. ಒಬ್ಬರೇ ಕುಳಿತ ಯುದ್ಧವಿಮಾನದಲ್ಲಿ, ಜತೆಗಾರ ವಿಮಾನವನ್ನು ಕಣ್ಣಲ್ಲಿಟ್ಟುಕೊಂಡು, ರೇಡಿಯೋ ಕೇಳುತ್ತ, ರಾಡಾರ್ ನೋಡುತ್ತ ಈ ತಾಳೆಯನ್ನೂ ಮಾಡಬೇಕು. ಕೆಲವು ಸೆಕೆಂಡು ಕಣ್ಣು ಬೇರೆಡೆ ಹೋದರೂ ಸಾಕು.

ಹಿರಿಯರ ಎರಡನೆಯ ಪ್ರಶ್ನೆಗೆ ಈಗ ಬರುತ್ತೇನೆ. ಗಂಟೆಗೆ 900 ಕಿಲೋಮೀಟರ್ ಎಂದರೆ ಸೆಕೆಂಡಿಗೆ 250 ಮೀಟರ್. ಆ ವೇಗದಲ್ಲಿ ಮೂತಿ 30 ಡಿಗ್ರಿ ಕೆಳಕ್ಕೆ ಬಾಗಿದ್ದರೆ ವಿಮಾನ ಸೆಕೆಂಡಿಗೆ 125 ಮೀಟರ್ ಇಳಿಯುತ್ತದೆ. ಸಾವಿರ ಮೀಟರ್ ಎತ್ತರದಲ್ಲಿರುವವರಿಗೆ ಉಳಿದಿರುವುದು 8 ಸೆಕೆಂಡು. ಅದರಲ್ಲಿ ಏನೋ ಸರಿಯಿಲ್ಲವೆಂದು ಅರಿವಾಗಬೇಕು, ಏನೆಂದು ತಿಳಿಯಬೇಕು, ಸರಿಪಡಿಸಲಾಗದೆಂದು ಒಪ್ಪಬೇಕು, ಆಮೇಲೆ ಆಸನವನ್ನು ಹೊರಚಿಮ್ಮಿಸುವ ಹಿಡಿಕೆ ಎಳೆಯಬೇಕು. ಹಿಡಿಕೆ ಎಳೆದ ಮೇಲೆ ಮೇಲಿನ ಗಾಜಿನ ಹೊದಿಕೆ ಹಾರಿ ಅಥವಾ ಒಡೆದು, ಆಸನದ ಕೆಳಗಿನ ರಾಕೆಟ್ ಉರಿದು, ಪ್ಯಾರಾಚೂಟ್ ಪೂರ್ತಿ ಅರಳಲು ಎರಡು ಮೂರು ಸೆಕೆಂಡು ಬೇಕೇ ಬೇಕು. ಇಂದಿನ ಆಸನಗಳು ನಿಂತ ವಿಮಾನದಿಂದ, ನೆಲಮಟ್ಟದಿಂದಲೂ ಪೈಲಟ್‌ನನ್ನು ಸುರಕ್ಷಿತವಾಗಿ ಮೇಲೆಸೆಯಬಲ್ಲವು. ಇದನ್ನು ಕೇಳಿದವರು ಯಾವಾಗ ಎಳೆದರೂ ಬದುಕಬಹುದು ಎಂದುಕೊಳ್ಳುತ್ತಾರೆ. ಆ ಮಾತು ನೆಟ್ಟಗಿರುವ, ಕೆಳಗಿಳಿಯದಿರುವ ವಿಮಾನಕ್ಕೆ ಸಲ್ಲುತ್ತದೆ. ವೇಗವಾಗಿ ಇಳಿಯುತ್ತಿರುವ ವಿಮಾನದಲ್ಲಿ ರಾಕೆಟ್ ಮೊದಲು ಆ ಇಳಿತವನ್ನು ಮೀರಬೇಕು, ಪಕ್ಕಕ್ಕೆ ವಾಲಿದ್ದರೆ ಆಸನ ಚಿಮ್ಮುವುದೂ ಪಕ್ಕಕ್ಕೇ, ಬೋರಲಾಗಿದ್ದರೆ ನೆಲದತ್ತಲೇ. ಎರಡು ಆಸನಗಳ ವಿಮಾನದಲ್ಲಿ ಒಬ್ಬರು ಎಳೆದರೂ ಇಬ್ಬರೂ ಹೊರಬರುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ; ಒಂದಕ್ಕೊಂದು ಡಿಕ್ಕಿಯಾಗದಂತೆ ಮೊದಲು ಹಿಂದಿನ ಆಸನ, ಕ್ಷಣ ಬಿಟ್ಟು ಮುಂದಿನದು. ನೆಲ ತೀರ ಹತ್ತಿರವಾಗಿದ್ದಾಗ ಆ ಕ್ಷಣಾರ್ಧವೂ ದೊಡ್ಡದು. ಇದೆಲ್ಲಕ್ಕಿಂತ ಮೊದಲ ಮೆಟ್ಟಿಲು ಅರಿವು, ಮತ್ತು ದಿಗ್ಭ್ರಮೆ ಕಸಿಯುವುದು ಅದನ್ನೇ. ತಾನು ಸರಿಯಾಗಿಯೇ ಹಾರುತ್ತಿದ್ದೇನೆಂದು ನಂಬಿದವರು ಹಿಡಿಕೆಗೆ ಕೈ ಹಾಕುವುದಿಲ್ಲ.

ಹೊರಚಿಮ್ಮಿದ ಮಾತ್ರಕ್ಕೆ ಬದುಕಿದಂತೆಯೂ ಅಲ್ಲ. 2020ರ ನವೆಂಬರ್ 26ರ ಸಂಜೆ 5 ಗಂಟೆಯ ಸುಮಾರಿಗೆ ಕಡಲ ಮೇಲೆ ಹಾರುತ್ತಿದ್ದ ಮಿಗ್-29ಕೆ ತರಬೇತಿ ವಿಮಾನ ಬಿದ್ದಾಗ ಒಬ್ಬ ಪೈಲಟ್‌ ಸಿಕ್ಕರು, ಕಮಾಂಡರ್ ನಿಶಾಂತ್ ಸಿಂಗ್ ಸಿಗಲಿಲ್ಲ. ಹಡಗು, ವಿಮಾನಗಳೆಲ್ಲ ಹುಡುಕಿದ ಮೇಲೆ, ಡಿಸೆಂಬರ್ 7ರಂದು ಗೋವಾ ತೀರದಿಂದ 30 ಮೈಲು ದೂರದಲ್ಲಿ, 70 ಮೀಟರ್ ಆಳದ ಕಡಲತಳದಲ್ಲಿ ಅವರ ದೇಹ ದೊರೆಯಿತು. ಆ ಹನ್ನೊಂದು ದಿನ ವಾಸ್ಕೋದ ಚಹಾದಂಗಡಿಗಳಲ್ಲಿ ಬೇರೆ ಮಾತಿರಲಿಲ್ಲ. ಬೆಳಕಿದ್ದಾಗ ಬಿದ್ದವರನ್ನು ಹುಡುಕುವುದೇ ಇಷ್ಟು ಕಷ್ಟವಾದರೆ, ಕತ್ತಲಲ್ಲಿ ಅಲೆಗಳ ನಡುವೆ ಒಂದು ತಲೆಯನ್ನು ಗುರುತಿಸುವುದು ಎಂಥದೆಂದು ಬಿಡಿಸಿ ಹೇಳಬೇಕಿಲ್ಲ.

ಅವಘಡವಾದ ಮೇಲೆ ಸೇನೆ ತನ್ನದೇ ವಿಚಾರಣೆಯನ್ನು, ಅಂದರೆ ಕೋರ್ಟ್ ಆಫ್ ಎನ್‌ಕ್ವೈರಿ ನಡೆಸುತ್ತದೆ. ಹಾರಾಟದ ದತ್ತಾಂಶ ದಾಖಲಿಸುವ ಬ್ಲ್ಯಾಕ್ ಬಾಕ್ಸ್, ರೇಡಿಯೋ ಸಂಭಾಷಣೆ, ರಾಡಾರ್ ದಾಖಲೆ, ದುರಸ್ತಿಯ ಪುಸ್ತಕ, ಆ ರಾತ್ರಿಯ ಹವೆ ಹಾಗೂ ಬೆಳದಿಂಗಳ ಪ್ರಮಾಣ, ಪೈಲಟ್ ಹಿಂದಿನ ದಿನಗಳಲ್ಲಿ ಎಷ್ಟು ನಿದ್ರಿಸಿದ್ದರು ಎಂಬುದರವರೆಗೆ ಎಲ್ಲವನ್ನೂ ನೋಡಲಾಗುತ್ತದೆ. ಪೂರ್ಣ ವರದಿ ಸಾಮಾನ್ಯವಾಗಿ ಜನರ ಕೈಗೆ ಬರುವುದಿಲ್ಲ. ಹೊರಬರುವುದು ಒಂದೆರಡು ಪದ: 'ತಾಂತ್ರಿಕ ದೋಷ', 'ಹಕ್ಕಿ ಡಿಕ್ಕಿ', 'ಪೈಲಟ್ ತಪ್ಪು'. ಈ ಮೂರನೆಯ ಪದದ ಬಗ್ಗೆ ನನ್ನ ತಕರಾರಿದೆ. ಆರೋಗ್ಯವಂತ ಮನುಷ್ಯರೆಲ್ಲರ ಒಳಕಿವಿಯೂ ಒಂದೇ ರೀತಿ ಮೋಸಹೋಗುತ್ತದೆ ಎಂದ ಮೇಲೆ, ಮೋಸಹೋದವರ ಹೆಸರಿಗೆ ತಪ್ಪೆಂದು ಬರೆದು ಕಡತ ಮುಚ್ಚಿದರೆ ಅವರನ್ನು ಆ ರಾತ್ರಿ ಅಲ್ಲಿಗೆ ತಂದ ಕಾರಣಗಳು ಮುಚ್ಚಿಹೋಗುತ್ತವೆ. 2018ರ ಡಿಸೆಂಬರ್ 6ರ ನಸುಕಿನಲ್ಲಿ ಜಪಾನ್ ಕರಾವಳಿಯಾಚೆ, ಆಗಸದಲ್ಲೇ ಇಂಧನ ತುಂಬಿಕೊಳ್ಳುವ ರಾತ್ರಿ ತರಬೇತಿಯ ವೇಳೆ ಅಮೆರಿಕದ ಮೆರೀನ್ ಪಡೆಯ ಎಫ್/ಎ-18 ಯುದ್ಧವಿಮಾನ ಮತ್ತು ಇಂಧನ ತುಂಬಿಸುವ ಕೆಸಿ-130 ವಿಮಾನ ಡಿಕ್ಕಿಯಾಗಿ ಆರು ಮಂದಿ ಸತ್ತರು. ಮೊದಲ ತನಿಖೆ ಪೈಲಟ್‌ಗಳ ಮತ್ತು ಅವರ ತುಕಡಿಯ ಕಡೆಗೇ ಬೆರಳು ತೋರಿತು. ಆಮೇಲೆ ಮರುಪರಿಶೀಲನೆ ನಡೆದಾಗ ಆ ತನಿಖೆಯ ಹಲವು ತೀರ್ಮಾನಗಳೇ ಸರಿಯಿಲ್ಲವೆಂದು ಆ ಪಡೆ ಒಪ್ಪಿಕೊಳ್ಳಬೇಕಾಯಿತು.

ಮಾಡಬಹುದಾದದ್ದು ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ 1957ರಿಂದ ಇರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಪೈಲಟ್‌ಗಳನ್ನು ಸುತ್ತುವ ಯಂತ್ರದಲ್ಲಿ ಕೂರಿಸಿ, ತಮ್ಮ ಮೈಯೇ ತಮಗೆ ಹೇಗೆ ಸುಳ್ಳು ಹೇಳುತ್ತದೆಂಬುದನ್ನು ತೋರಿಸಿಕೊಡುತ್ತಾರೆ. ನೆಲ ಸಮೀಪಿಸುತ್ತಿದ್ದರೂ ಪೈಲಟ್ ಪ್ರತಿಕ್ರಿಯಿಸದಿದ್ದರೆ ವಿಮಾನವೇ ತನ್ನನ್ನು ನೆಟ್ಟಗೆ ಮಾಡಿಕೊಂಡು ಮೂತಿ ಎತ್ತುವ ಸ್ವಯಂಚಾಲಿತ ವ್ಯವಸ್ಥೆಯನ್ನು ಅಮೆರಿಕದ ಎಫ್-16 ವಿಮಾನಗಳಿಗೆ 2014ರಿಂದ ಅಳವಡಿಸಲಾಗಿದ್ದು, ಅದರಿಂದ ಹಲವರ ಜೀವ ಉಳಿದಿದೆ. ಇಂಥ ವ್ಯವಸ್ಥೆಯನ್ನು ಹಳೆಯ ತಲೆಮಾರಿನ ವಿಮಾನಗಳಿಗೆ ಜೋಡಿಸುವುದು ಸುಲಭವಲ್ಲ. ಜಾಗ್ವಾರ್ ನಮ್ಮ ವಾಯುಪಡೆಗೆ ಸೇರಿದ್ದು 1979ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು.

ನೆಲದ ಮೇಲಿರುವ ನಾವು ತಿಳಿದಿರಬೇಕಾದ ಸಂಗತಿಯೊಂದು ಉಳಿದಿದೆ. 2019ರ ನವೆಂಬರ್ 16ರಂದು ದಾಬೋಳಿಯಿಂದ ಹಾರಿದ ಮಿಗ್-29ಕೆ ಹಕ್ಕಿಗಳ ಹಿಂಡಿಗೆ ಡಿಕ್ಕಿಯಾಗಿ ವೆರ್ಣಾ ಬಯಲಲ್ಲಿ ಬಿದ್ದಿತ್ತು, ಪೈಲಟ್‌ಗಳಿಬ್ಬರೂ ಉಳಿದರು. ಅಂಥ ಜಾಗಕ್ಕೆ ಜನ ಮೊಬೈಲ್ ಹಿಡಿದು ಓಡುವುದನ್ನು ಕಂಡಿದ್ದೇವೆ. ಚಿಮ್ಮದೆ ಉಳಿದ ಆಸನದ ರಾಕೆಟ್ ಮುಟ್ಟಿದರೆ ಸಿಡಿಯಬಹುದು. ಸುಟ್ಟ ವಿಮಾನದ ಕಾರ್ಬನ್ ಎಳೆಗಳ ಹೊಗೆ ಪುಪ್ಪುಸಕ್ಕೆ ಕೆಟ್ಟದ್ದು. ಗಾಳಿ ಬೀಸಿ ಬರುವ ಬದಿಯಲ್ಲಿ ದೂರ ನಿಂತು 112ಕ್ಕೆ ಕರೆ ಮಾಡಿ, ಪ್ಯಾರಾಚೂಟ್ ಇಳಿದದ್ದನ್ನು ಕಂಡಿದ್ದರೆ ಯಾವ ದಿಕ್ಕಿಗೆ ಎಂದು ಮೊದಲು ಹೇಳಬೇಕು. ಹೊಲದಲ್ಲೋ ಗುಡ್ಡದಲ್ಲೋ ಚೂರೊಂದು ಸಿಕ್ಕರೆ ಅದನ್ನು ಎತ್ತದೆ, ಇದ್ದ ಜಾಗವನ್ನು ಗುರುತು ಮಾಡಿ ಪೊಲೀಸರಿಗೆ ತೋರಿಸಬೇಕು. ಚೂರು ಯಾವುದು ಎಂಬುದರಷ್ಟೇ ಅದು ಎಲ್ಲಿ ಬಿದ್ದಿತ್ತು ಎಂಬುದೂ ತನಿಖೆಗೆ ಬೇಕು. ವಿಮಾನ ಮೇಲೆಯೇ ಒಡೆಯಿತೋ, ಇಡಿಯಾಗಿ ನೆಲಕ್ಕೆ ತಾಗಿತೋ ಎಂಬುದನ್ನು ಅವರು ಲೆಕ್ಕಹಾಕುವುದು ಅದರಿಂದಲೇ.